ಚಟವಿಲ್ಲದವರ ಗಂಟಲಿಗೂ ಕ್ಯಾನ್ಸರ್: ವೈರಸ್ಸಿನ ಪಾಲು ಎಷ್ಟು?

(ಶಿರಸಿಯಲ್ಲಿ ಪಾಲಕರು, ಶಿಕ್ಷಕರು ಮತ್ತು ಆಶಾ ಕಾರ್ಯಕರ್ತೆಯರ ಮುಂದೆ ಆಡಿದ ಮಾತುಗಳ ಬರಹ ರೂಪ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ವೈರಸ್ ಅಂದರೆ ನಮ್ಮ ಜಿಲ್ಲೆಯವರಿಗೆ ಹೊಸ ಮಾತಲ್ಲ. ಸಿದ್ದಾಪುರದ ಕಡೆಯಿಂದ ಬಂದವರಿಗೆ ಮಂಗನ ಕಾಯಿಲೆಯ ಬಗ್ಗೆ ನಾನು ಹೇಳಿಕೊಡಬೇಕಾಗಿಲ್ಲ. 1957ರಲ್ಲಿ ಪಕ್ಕದ ಶಿವಮೊಗ್ಗ ಜಿಲ್ಲೆಯ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ವೈರಸ್ಸು ಅದು. ಉಣುಗು ಕಚ್ಚಿ ಒಂದು ವಾರ ಆಗುವುದರೊಳಗೆ ಜ್ವರ ಏರುತ್ತದೆ, ಮೈಕೈ ಮುರಿದ ಹಾಗಾಗುತ್ತದೆ, ಮನೆಯವರು ಆಸ್ಪತ್ರೆಗೆ ಓಡುತ್ತಾರೆ.

ಇವತ್ತು ನಾನು ಹೇಳಬೇಕಾದ ವೈರಸ್ಸಿನ ದಾರಿಯೇ ಬೇರೆ. ಜ್ವರ ಬರುವುದಿಲ್ಲ, ನೆಗಡಿ ಇಲ್ಲ, ನೋವಂತೂ ಇಲ್ಲವೇ ಇಲ್ಲ. ಬಂದದ್ದೂ ಗೊತ್ತಾಗುವುದಿಲ್ಲ, ಹೋದದ್ದೂ ಗೊತ್ತಾಗುವುದಿಲ್ಲ. ಬಹಳಷ್ಟು ಜನರಲ್ಲಿ ಒಂದೆರಡು ವರ್ಷದಲ್ಲಿ ತಾನಾಗಿಯೇ ಹೋಗಿಬಿಡುತ್ತದೆ. ಕೆಲವರಲ್ಲಿ ಮಾತ್ರ ಗಂಟಲಿನಲ್ಲಿ ಉಳಿದುಕೊಳ್ಳುತ್ತದೆ. ಹಾಗೆ ಉಳಿದ ವೈರಸ್ಸು 20–30 ವರ್ಷ ಕಳೆದ ಮೇಲೆ ಕ್ಯಾನ್ಸರಿಗೆ ಕಾರಣವಾಗಬಹುದು. ಅದರ ಹೆಸರು ಹ್ಯೂಮನ್ ಪ್ಯಾಪಿಲೋಮಾ ವೈರಸ್, ಚಿಕ್ಕದಾಗಿ ಎಚ್‌ಪಿವಿ. ಗರ್ಭಕೊರಳಿನ ಕ್ಯಾನ್ಸರಿನ ಮಾತು ಬಂದಾಗ ಹೆಣ್ಣುಮಕ್ಕಳು ಈ ಹೆಸರು ಕೇಳಿರುತ್ತಾರೆ. ಗಂಡಸರ ಗಂಟಲಿಗೂ ಅದೇ ವೈರಸ್ಸಿಗೂ ನಂಟಿದೆ ಅಂತ ಕೇಳಿದವರು ಕಡಿಮೆ.

ಮೊದಲು ಕವಳದ, ಅಂದರೆ ಎಲೆ-ಅಡಿಕೆಯ, ಮಾತು ಮುಗಿಸಿಬಿಡುತ್ತೇನೆ. ಇದು ಶಿರಸಿ. ಇಲ್ಲಿ ನಿಂತು ಅಡಿಕೆಯ ಬಗ್ಗೆ ಮಾತಾಡುವುದು ಸುಲಭವಲ್ಲ. ಶಿರಸಿ ಸುಪಾರಿಗೆ 2019ರಲ್ಲಿ ಜಿಐ ಟ್ಯಾಗ್ ಸಿಕ್ಕಾಗ ಎಲ್ಲರಂತೆ ನನಗೂ ಹೆಮ್ಮೆಯಾಗಿತ್ತು. ಇಲ್ಲಿ ಕೂತಿರುವ ಎಷ್ಟೋ ಜನರ ಮಕ್ಕಳು ಓದಿದ್ದು ಅಡಿಕೆ ದುಡ್ಡಿನಲ್ಲೇ. ಆದರೂ ವೈದ್ಯನಾಗಿ ಹೇಳಲೇಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು ಹೊಗೆಸೊಪ್ಪು ಹಾಕಿದ ಕವಳ ಕ್ಯಾನ್ಸರ್ ತರುತ್ತದೆ ಎಂದು 1985ರಲ್ಲೇ ಹೇಳಿತ್ತು. 2004ರಲ್ಲಿ, ಹೊಗೆಸೊಪ್ಪು ಇಲ್ಲದೆ ಬರೀ ಅಡಿಕೆ ಜಗಿದರೂ ಅಪಾಯ ಇದೆ ಎಂದಿತು. ಬಾಯಿ ಪೂರ್ತಿ ತೆರೆಯಲಾಗದೆ, ಮೂರು ಬೆರಳು ಹೋಗುವಲ್ಲಿ ಒಂದೇ ಬೆರಳು ಹೋಗುವಂತಾಗಿ ಬರುವ ಹುಡುಗರನ್ನು ನೋಡುತ್ತಲೇ ಇದ್ದೇನೆ. ಅದು ಅಡಿಕೆಯಿಂದಲೇ ಬರುವ ಕಾಯಿಲೆ. ಕೆನ್ನೆಯ ಒಳಭಾಗ, ವಸಡು, ನಾಲಿಗೆಯ ಅಂಚು, ಇಲ್ಲಿ ಬರುವ ಕ್ಯಾನ್ಸರಿಗೆ ನಮ್ಮ ದೇಶದಲ್ಲಿ ಗುಟ್ಕಾ, ಹೊಗೆಸೊಪ್ಪು, ಅಡಿಕೆಗಳೇ ದೊಡ್ಡ ಕಾರಣ. 2022ರ ಅಂದಾಜಿನಂತೆ ಭಾರತದಲ್ಲಿ ವರ್ಷಕ್ಕೆ ಸುಮಾರು 1.4 ಲಕ್ಷ ಜನರಿಗೆ ಹೊಸದಾಗಿ ಬಾಯಿ ಕ್ಯಾನ್ಸರ್ ಬರುತ್ತದೆ. ನಮ್ಮ ಗಂಡಸರಲ್ಲಿ ಅತಿ ಹೆಚ್ಚು ಕಾಣುವ ಕ್ಯಾನ್ಸರ್ ಇದೇ. ಇದರಲ್ಲಿ ವೈರಸ್ಸಿನ ಪಾಲು ಬಹಳ ಸಣ್ಣದು. ಆದ್ದರಿಂದ ಯಾರೂ ಮನೆಗೆ ಹೋಗಿ, ‘ಕ್ಯಾನ್ಸರ್ ಬರೋದು ವೈರಸ್ಸಿಂದ ಅಂತೆ, ಇನ್ನು ಕವಳ ಹಾಕಬಹುದು’ ಅನ್ನಬೇಡಿ. ದಯವಿಟ್ಟು.

ಬಾಯಿಯಿಂದ ಸ್ವಲ್ಪ ಹಿಂದೆ ಹೋದರೆ ಲೆಕ್ಕ ಬದಲಾಗುತ್ತದೆ.

ಒಬ್ಬರ ಕಥೆ ಹೇಳುತ್ತೇನೆ. ಗುರುತು ಸಿಗಬಾರದೆಂದು ವಿವರಗಳನ್ನು ಬದಲಿಸಿದ್ದೇನೆ. ಐವತ್ತು ದಾಟಿದ ಮೇಷ್ಟ್ರು. ಕುತ್ತಿಗೆಯ ಬಲಗಡೆ, ದವಡೆಯ ಕೆಳಗೆ ಒಂದು ಗಂಟು. ನೋವಿಲ್ಲ. ಶೇವ್ ಮಾಡುವಾಗ ಕೈಗೆ ಸಿಕ್ಕಿದ್ದು. ಮೊದಲು ಲೇಪ ಹಚ್ಚಿದರು. ಆಮೇಲೆ ಎರಡು ಸಲ ಆಂಟಿಬಯಾಟಿಕ್ ಆಯಿತು. ನೆಂಟರು, ಸಹೋದ್ಯೋಗಿಗಳು, ಒಬ್ಬಿಬ್ಬರು ವೈದ್ಯರು ಕೂಡ ಒಂದೇ ಮಾತು ಹೇಳಿದರು: ‘ನಿಮಗೆ ಯಾವ ಚಟವೂ ಇಲ್ಲ, ಹೆದರಬೇಡಿ.’ ಹೀಗೆ ತಿಂಗಳುಗಳು ಕಳೆದವು. ಕೊನೆಗೆ ನೋಡಿದರೆ ಟಾನ್ಸಿಲ್ಲಿನ ಬುಡದಲ್ಲಿ ಚಿಕ್ಕದೊಂದು ಗಡ್ಡೆ. ಕುತ್ತಿಗೆಯಲ್ಲಿ ಸಿಕ್ಕಿದ್ದು ಅದು ಹರಡಿದ ಗ್ರಂಥಿ. ವಿಷಯ ತಿಳಿಸಿದಾಗ ಅವರು ಕೇಳಿದ್ದು ಇಷ್ಟೇ: ‘ಡಾಕ್ಟ್ರೇ, ಯಂಗೆ ಕವಳದ ಚಟವೇ ಇಲ್ಲೆ. ಇದೆಂತಕ್ಕೆ ಬಂತು?’

ಈ ಪ್ರಶ್ನೆಗೆ ಉತ್ತರ ಕೊಡುವುದಕ್ಕೇ ಈ ಉಪನ್ಯಾಸ.

ಬಾಯಿ ತೆರೆದರೆ ಹಿಂದೆ ಕಿರುನಾಲಿಗೆ ಕಾಣುತ್ತದೆ. ಅದರ ಎರಡೂ ಬದಿಗೆ ಟಾನ್ಸಿಲ್. ಕೆಳಗೆ, ಕನ್ನಡಿಯಲ್ಲಿ ಕಾಣದ ಜಾಗದಲ್ಲಿ, ನಾಲಿಗೆಯ ಬುಡ. ಟಾನ್ಸಿಲ್ಲಿನ ಮೇಲ್ಮೈ ನಯವಾಗಿಲ್ಲ. ಒಳಕ್ಕೆ ಇಳಿದು ಕವಲೊಡೆಯುವ ಹತ್ತಾರು ಸಣ್ಣ ಬಿಲಗಳಿವೆ. ನಾಲಿಗೆಯ ಬುಡದಲ್ಲೂ ಅಂಥವೇ ಇವೆ. ಬಿಲದ ಗೋಡೆಯ ಪದರ ತುಂಬಾ ತೆಳು, ಅಲ್ಲಲ್ಲಿ ಬಿರುಕು ಕೂಡ. ಉಸಿರಿನಲ್ಲಿ, ಊಟದಲ್ಲಿ ಬಂದ ರೋಗಾಣುಗಳು ಒಳಗಿನ ರಕ್ಷಣಾ ಕೋಶಗಳಿಗೆ ತಾಗಲಿ ಎಂದೇ ದೇಹ ಅದನ್ನು ಹಾಗೆ ಕಟ್ಟಿದೆ. ಎಚ್‌ಪಿವಿಗೆ ಬೇಕಾಗಿರುವುದು ಪದರದ ತೀರಾ ಕೆಳಗಿನ ಕೋಶಗಳು. ಕೆನ್ನೆಯಲ್ಲಿ ಅಲ್ಲಿಗೆ ಮುಟ್ಟಲು ಗಾಯವೇ ಆಗಬೇಕು. ಟಾನ್ಸಿಲ್ಲಿನಲ್ಲಿ ದಾರಿ ತೆರೆದೇ ಇದೆ.

ಎಚ್‌ಪಿವಿಯಲ್ಲಿ 200ಕ್ಕೂ ಜಾಸ್ತಿ ಬಗೆಗಳಿವೆ. ಕೈಕಾಲಿನ ನರಹುಲಿಯೂ ಇದೇ ಕುಟುಂಬದ್ದು. ಅದಕ್ಕೆ ಹೆದರಬೇಕಾಗಿಲ್ಲ, ಆ ಬಗೆಗಳೇ ಬೇರೆ. ಗಂಟಲಿಗೆ ಕಂಟಕವಾಗಿರುವುದು ಮುಖ್ಯವಾಗಿ 16ನೇ ಬಗೆ. ವೈರಸ್ಸಿನಿಂದ ಬರುವ ಗಂಟಲ ಕ್ಯಾನ್ಸರುಗಳಲ್ಲಿ ಸುಮಾರು ನೂರಕ್ಕೆ 90ರಲ್ಲಿ ಸಿಗುವುದು ಇದೇ. ನಮ್ಮ ಕೋಶಗಳಲ್ಲಿ ಪಿ53 ಎಂಬ ಪ್ರೋಟೀನ್ ಇದೆ. ಕೋಶದ ಡಿಎನ್‌ಎ ಕೆಟ್ಟರೆ ಅದನ್ನು ರಿಪೇರಿ ಮಾಡಿಸುವುದು, ಆಗದಿದ್ದರೆ ಆ ಕೋಶವನ್ನೇ ಸಾಯಿಸುವುದು ಅದರ ಕೆಲಸ. ಆರ್‌ಬಿ ಎಂಬ ಇನ್ನೊಂದು, ಕೋಶ ಬೇಕಾಬಿಟ್ಟಿ ಒಡೆದು ಎರಡಾಗದಂತೆ ತಡೆಯುತ್ತದೆ. ಈ ವೈರಸ್ಸು ಇ6, ಇ7 ಎಂಬ ಎರಡು ಪ್ರೋಟೀನುಗಳನ್ನು ತಯಾರಿಸುತ್ತದೆ. ಇ6 ಹೋಗಿ ಪಿ53ಯನ್ನು ನಾಶ ಮಾಡಿಸುತ್ತದೆ, ಇ7 ಆರ್‌ಬಿಯನ್ನು ಕಟ್ಟಿಹಾಕುತ್ತದೆ. ಎರಡೂ ಕಾವಲು ಹೋದ ಕೋಶ ವರ್ಷಗಟ್ಟಲೆ ಒಡೆಯುತ್ತಾ ಹೋಗುತ್ತದೆ, ತಪ್ಪುಗಳು ಕೂಡುತ್ತಾ ಹೋಗುತ್ತವೆ. ತಂಬಾಕು ಡಿಎನ್‌ಎಯನ್ನೇ ಹಾಳುಮಾಡಿ ಇದೇ ಜಾಗಕ್ಕೆ ಬಂದು ನಿಲ್ಲುತ್ತದೆ. ದಾರಿ ಎರಡು, ಮುಟ್ಟುವ ಊರು ಒಂದೇ.

ಇದನ್ನು ನಂಬಿಸಲು ವಿಜ್ಞಾನಿಗಳು ಬಹಳ ಕಷ್ಟಪಟ್ಟರು. ಗರ್ಭಕೊರಳಿನ ಕ್ಯಾನ್ಸರಿಗೆ ಪ್ಯಾಪಿಲೋಮಾ ವೈರಸ್ ಕಾರಣ ಎಂದು ಜರ್ಮನಿಯ ಹೆರಾಲ್ಡ್ ಸುರ್ ಹೌಸೆನ್ 1970ರ ದಶಕದಲ್ಲೇ ಹೇಳತೊಡಗಿದ್ದರು. ಆಗ ಹೆಚ್ಚಿನವರು ಬೇರೊಂದು ವೈರಸ್ಸಿನ ಹಿಂದೆ ಬಿದ್ದಿದ್ದರು. ಅವರು ಬಿಡಲಿಲ್ಲ. 1983ರಲ್ಲಿ 16ನೇ ಬಗೆಯನ್ನು, ಮರುವರ್ಷ 18ನೇ ಬಗೆಯನ್ನು ಅವರ ತಂಡ ಗಡ್ಡೆಗಳಿಂದಲೇ ಬೇರ್ಪಡಿಸಿ ತೋರಿಸಿತು. 2008ರಲ್ಲಿ ನೊಬೆಲ್ ಬಂತು. ಗಂಟಲಿನ ವಿಷಯಕ್ಕೆ ಬಂದರೆ, ಅಮೆರಿಕದ ಮೌರಾ ಗಿಲ್ಲಿಸನ್ ಮತ್ತು ಜೊತೆಗಾರರು 2000ದಲ್ಲಿ ಪ್ರಕಟಿಸಿದ ಅಧ್ಯಯನ ಕಣ್ಣು ತೆರೆಸಿತು. ಎಚ್‌ಪಿವಿ ಇರುವ ಟಾನ್ಸಿಲ್ ಕ್ಯಾನ್ಸರ್ ಬೇರೆಯೇ ಒಂದು ಕಾಯಿಲೆ, ಅದರ ನಡವಳಿಕೆಯೇ ಬೇರೆ ಎಂದು ಅವರು ತೋರಿಸಿದರು.

ಅಮೆರಿಕದಲ್ಲಿ ಈಗ ಟಾನ್ಸಿಲ್ ಮತ್ತು ನಾಲಿಗೆ ಬುಡದ ಕ್ಯಾನ್ಸರುಗಳಲ್ಲಿ ನೂರಕ್ಕೆ ಸುಮಾರು 70ಕ್ಕೆ ಈ ವೈರಸ್ಸೇ ಕಾರಣ. ಹೆಂಗಸರಿಗಿಂತ ಗಂಡಸರಲ್ಲಿ ಎಷ್ಟೋ ಪಟ್ಟು ಜಾಸ್ತಿ. ನಮ್ಮ ದೇಶದಲ್ಲಿ ಪಾಲು ಅದಕ್ಕಿಂತ ಕಡಿಮೆ, ಏಕೆಂದರೆ ಇಲ್ಲಿ ತಂಬಾಕಿನದೇ ಪಾರುಪತ್ಯ. ಆದರೆ ಕಡಿಮೆ ಅಂದರೆ ಇಲ್ಲ ಅಂತ ಅರ್ಥವಲ್ಲ. ಆ ಮೇಷ್ಟ್ರು ಸಾಕ್ಷಿ.

ಹೇಗೆ ಹರಡುತ್ತದೆ ಅನ್ನುವುದನ್ನು ನೇರವಾಗಿಯೇ ಹೇಳುತ್ತೇನೆ. ಇಲ್ಲಿ ಹಿರಿಯರಿದ್ದೀರಿ, ಸ್ವಲ್ಪ ಮುಜುಗರ ಆಗಬಹುದು. ಮುಖ್ಯವಾಗಿ ಬಾಯಿಯ ಮೂಲಕ ನಡೆಯುವ ಲೈಂಗಿಕ ಸಂಪರ್ಕದಿಂದ. ಒಂದೇ ಲೋಟದಲ್ಲಿ ನೀರು ಕುಡಿದರೆ, ಒಟ್ಟಿಗೆ ಉಂಡರೆ, ರೋಗಿಯ ಪಕ್ಕ ಮಲಗಿದರೆ ಬರುವುದಿಲ್ಲ. ಕ್ಯಾನ್ಸರ್ ಆದ ಅಪ್ಪನ ಮಡಿಲಲ್ಲಿ ಮೊಮ್ಮಗಳು ಕೂತರೆ ಏನೂ ಆಗುವುದಿಲ್ಲ. ಇದನ್ನು ಹೇಳಲೇಬೇಕಾಗಿದೆ, ಏಕೆಂದರೆ ತಟ್ಟೆ-ಲೋಟ ಬೇರೆ ಇಟ್ಟ ಮನೆಗಳನ್ನು ನಾನು ಕಂಡಿದ್ದೇನೆ.

ಇನ್ನೊಂದು ಮಾತು ಇದಕ್ಕಿಂತ ಮುಖ್ಯ. ‘ವೈರಸ್’ ಎಂದು ರಿಪೋರ್ಟಿನಲ್ಲಿ ಬಂದ ಕೂಡಲೇ ಗಂಡ ಹೆಂಡತಿಯ ಮುಖ ನೋಡುತ್ತಾನೆ, ಹೆಂಡತಿ ಗಂಡನ ಮುಖ ನೋಡುತ್ತಾಳೆ. ಯಾರಿಂದ ಬಂತು, ಯಾವಾಗ ಬಂತು ಎಂದು ಯಾವ ಪರೀಕ್ಷೆಯೂ ಹೇಳಲಾರದು. ಹತ್ತಾರು ವರ್ಷದ ಹಿಂದೆ, ಮದುವೆಗೂ ಮೊದಲೇ ಬಂದಿರಬಹುದು. ಒಬ್ಬರೇ ಸಂಗಾತಿ ಇದ್ದವರಲ್ಲೂ ಕಾಣುತ್ತದೆ. ಬದುಕಿನಲ್ಲಿ ಒಮ್ಮೆಯಾದರೂ ಎಚ್‌ಪಿವಿ ತಗುಲದವರೇ ಅಪರೂಪ. ಚಿಕಿತ್ಸೆಯ ಆರೇಳು ವಾರ ಒಬ್ಬರಿಗೊಬ್ಬರು ಆಸರೆಯಾಗಬೇಕಾದವರು ಅನುಮಾನದಲ್ಲಿ ಕರಗುವುದನ್ನು ನೋಡಿದರೆ ಸಂಕಟವಾಗುತ್ತದೆ. ದಯವಿಟ್ಟು ಆ ಲೆಕ್ಕಕ್ಕೆ ಹೋಗಬೇಡಿ.

ಒಂದು ಸಮಾಧಾನದ ಸಂಗತಿ ಇದೆ. ವೈರಸ್ಸಿನಿಂದ ಬಂದ ಗಂಟಲ ಕ್ಯಾನ್ಸರ್ ಚಿಕಿತ್ಸೆಗೆ ಚೆನ್ನಾಗಿ ಬಗ್ಗುತ್ತದೆ. 2010ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನವೊಂದರಲ್ಲಿ ಮೂರು ವರ್ಷದ ನಂತರ ವೈರಸ್ ಇದ್ದವರಲ್ಲಿ ನೂರಕ್ಕೆ 82 ಜನ ಬದುಕಿದ್ದರು, ವೈರಸ್ ಇಲ್ಲದವರಲ್ಲಿ 57. ಆದರೆ ಅದೇ ಅಧ್ಯಯನದಲ್ಲಿ, ವೈರಸ್ ಇದ್ದೂ ಸಿಗರೇಟು ಸೇದಿದವರ ಭಾಗ್ಯ ಅಷ್ಟು ಚೆನ್ನಾಗಿರಲಿಲ್ಲ. ಅಂದರೆ ಇಲ್ಲೂ ತಂಬಾಕು ಬಂದು ಕೆಡಿಸುತ್ತದೆ.

ಇಷ್ಟು ಚೆನ್ನಾಗಿ ಗುಣವಾಗುವುದಾದರೆ ಚಿಕಿತ್ಸೆಯನ್ನು ಹಗುರ ಮಾಡಬಹುದಲ್ವಾ ಎಂದು ಹಲವರು ಯೋಚಿಸಿದರು. ರೇಡಿಯೇಷನ್ ಜೊತೆ ಕೊಡುವ ಸಿಸ್‌ಪ್ಲಾಟಿನ್ ಔಷಧಿಯ ಬದಲು ಸೌಮ್ಯ ಎನಿಸಿದ ಇನ್ನೊಂದನ್ನು ಕೊಟ್ಟು ನೋಡಿದರು. 2018ರಲ್ಲಿ ಫಲಿತಾಂಶ ಬಂದಾಗ, ಹಳೆಯ ಔಷಧಿ ಪಡೆದವರೇ ಹೆಚ್ಚು ಬದುಕಿದ್ದರು. ಹಾಗಾಗಿ ಸದ್ಯ ಪೂರ್ತಿ ಚಿಕಿತ್ಸೆಯೇ ಸರಿ. ವಾರಕ್ಕೆ ಐದು ದಿನದಂತೆ ಆರೇಳು ವಾರ ರೇಡಿಯೇಷನ್. ನಮ್ಮ ಜಿಲ್ಲೆಯವರಿಗೆ ಇದು ಬರೀ ಕಾಯಿಲೆಯ ಕಷ್ಟವಲ್ಲ, ದಾರಿಯ ಕಷ್ಟವೂ ಹೌದು. ಶಿರಸಿಯಿಂದ ಹುಬ್ಬಳ್ಳಿಗೆ ಸುಮಾರು 100 ಕಿಲೋಮೀಟರ್. ಕರಾವಳಿಯವರು ಮಣಿಪಾಲಕ್ಕೋ ಮಂಗಳೂರಿಗೋ ಗೋವಾಕ್ಕೋ ಹೋಗುತ್ತಾರೆ. ದಿನಾ ಹೋಗಿಬರಲು ಆಗುವುದಿಲ್ಲ, ರೂಮು ಹಿಡಿದು ಉಳಿಯಬೇಕು. ಮೇಷ್ಟ್ರೂ ಹೆಂಡತಿಯ ಜೊತೆ ಹಾಗೇ ಉಳಿದರು. ಗಂಟಲು ಸುಟ್ಟಂತಾಗಿ ಗಂಜಿ ಕೂಡ ಇಳಿಯದ ದಿನಗಳಲ್ಲಿ ಮೂಗಿನ ನಳಿಗೆಯಲ್ಲಿ ಊಟ ಕೊಟ್ಟರು. ಈಗ ಪಾಠ ಮಾಡುತ್ತಿದ್ದಾರೆ. ಜೊಲ್ಲು ಕಡಿಮೆಯಾದ್ದರಿಂದ ನೀರಿನ ಬಾಟಲಿ ಸದಾ ಪಕ್ಕದಲ್ಲಿರುತ್ತದೆ. ಬಿಪಿಎಲ್ ಕಾರ್ಡಿನವರಿಗೆ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಒಂದು ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಹಣ ಇಲ್ಲ ಎಂದು ಅರ್ಧಕ್ಕೆ ಬಿಡಬೇಡಿ.

ಇನ್ನೊಂದು ವೈರಸ್ಸಿನ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. 1964ರಲ್ಲಿ ಎಪ್‌ಸ್ಟೈನ್, ಬಾರ್, ಅಚಾಂಗ್ ಎಂಬ ಮೂವರು ಪತ್ತೆ ಹಚ್ಚಿದ ಎಪ್‌ಸ್ಟೈನ್-ಬಾರ್ ವೈರಸ್. ಜಗತ್ತಿನ ದೊಡ್ಡವರಲ್ಲಿ ನೂರಕ್ಕೆ 90ಕ್ಕೂ ಹೆಚ್ಚು ಜನರ ಮೈಯಲ್ಲಿ ಇದಿದೆ, ಹೆಚ್ಚಿನವರಿಗೆ ಏನೂ ಆಗುವುದಿಲ್ಲ. ಕೆಲವರಲ್ಲಿ ಮೂಗಿನ ಹಿಂಭಾಗದ ಕ್ಯಾನ್ಸರಿಗೆ ಕಾರಣವಾಗುತ್ತದೆ. ದಕ್ಷಿಣ ಚೀನಾದಲ್ಲಿ, ನಮ್ಮ ದೇಶದಲ್ಲಿ ನಾಗಾಲ್ಯಾಂಡ್, ಮಣಿಪುರ, ಮಿಜೋರಾಂ ಕಡೆ ಇದು ಜಾಸ್ತಿ. ಕಾರವಾರದ ನೌಕಾನೆಲೆ, ಕೈಗಾದಂಥ ಕಡೆ ದೇಶದ ಎಲ್ಲ ಭಾಗದವರೂ ಇದ್ದಾರೆ. ಹಾಗಾಗಿ ಅಲ್ಲಿನ ವೈದ್ಯರು ಇದನ್ನು ನೆನಪಿಡಬೇಕು. ಒಂದೇ ಕಿವಿ ಮುಚ್ಚಿದಂತಿರುವುದು, ಮೂಗಿನಲ್ಲಿ ಆಗಾಗ ರಕ್ತ, ಕುತ್ತಿಗೆಯಲ್ಲಿ ಗಂಟು, ಇವು ಅದರ ಲಕ್ಷಣ.

ಈಗ ಗಂಟಿನ ವಿಷಯ. ಗರ್ಭಕೊರಳಿಗೆ ಇರುವಂತೆ ಗಂಟಲಿಗೆ ಮುಂಚಿತವಾಗಿ ಪತ್ತೆ ಹಚ್ಚುವ ಪರೀಕ್ಷೆ ಇಲ್ಲ. ನಮ್ಮ ಕೈ ಕಣ್ಣುಗಳೇ ಗತಿ. ನಾನು ಮೊದಲು ರೋಗಿಯ ಹಿಂದೆ ನಿಲ್ಲುತ್ತೇನೆ. ಎರಡೂ ಕೈಯ ಬೆರಳ ತುದಿಗಳನ್ನು ದವಡೆಯ ಮೂಲೆಯ ಕೆಳಗಿಟ್ಟು, ಕುತ್ತಿಗೆಯ ದಪ್ಪ ಸ್ನಾಯುವಿನ ಗುಂಟ ಕೆಳಗಿಳಿಯುತ್ತೇನೆ. ಗಂಟು ಸಿಕ್ಕರೆ ಮೆತ್ತಗಿದೆಯಾ, ಗಟ್ಟಿ ಇದೆಯಾ, ಬೆರಳಿಗೆ ಜಾರುತ್ತದಾ, ಒಳಗೆ ಅಂಟಿಕೊಂಡಿದೆಯಾ ನೋಡುತ್ತೇನೆ. ಆಮೇಲೆ ಬಾಯಿ. ಎರಡು ಟಾನ್ಸಿಲ್ಲಿನಲ್ಲಿ ಒಂದು ದೊಡ್ಡದಿದೆಯಾ? ಅಷ್ಟಕ್ಕೇ ಬಿಡುವುದಿಲ್ಲ. ಗ್ಲೌಸ್ ಹಾಕಿದ ಬೆರಳಿನಿಂದ ಟಾನ್ಸಿಲ್ ಮತ್ತು ನಾಲಿಗೆಯ ಬುಡವನ್ನು ಒತ್ತಿ ನೋಡುತ್ತೇನೆ. ವಾಕರಿಕೆ ಬರುತ್ತದೆ, ಕ್ಷಣದ ಕೆಲಸ. ಬಿಲದ ಒಳಗೆ ಹುಟ್ಟಿದ ಗಡ್ಡೆ ಎಷ್ಟೋ ಸಲ ಕಣ್ಣಿಗೆ ಕಾಣುವುದಿಲ್ಲ, ಬೆರಳಿಗೆ ಕಲ್ಲಿನ ಹಾಗೆ ಸಿಗುತ್ತದೆ.

ಆಮೇಲೆ ಗಂಟಿಗೆ ಸೂಜಿ ಪರೀಕ್ಷೆ. ಸೂಜಿ ಚುಚ್ಚಿದರೆ ಕ್ಯಾನ್ಸರ್ ಹರಡುತ್ತದೆ ಎಂದು ಹೆದರಿ ಓಡುವವರಿದ್ದಾರೆ. ಈ ಸಣ್ಣ ಸೂಜಿಯಿಂದ ಹಾಗಾಗುತ್ತದೆ ಎಂಬ ಭಯ ಬೇಡ. ನಮ್ಮಲ್ಲಿ ಕುತ್ತಿಗೆಗೆ ಟಿಬಿ ಗಂಟೂ ಬರುತ್ತದೆ. ಪರೀಕ್ಷೆ ಇಲ್ಲದೆ ಟಿಬಿ ಇರಬೇಕು ಎಂದು ತಿಂಗಳುಗಟ್ಟಲೆ ಮಾತ್ರೆ ನುಂಗುವುದು ತಪ್ಪು. ವೈರಸ್ಸಿನ ಕ್ಯಾನ್ಸರಿನಲ್ಲಿ ಇನ್ನೊಂದು ತೊಡಕಿದೆ. ಎಷ್ಟೋ ಸಲ ಗಂಟಿನೊಳಗೆ ನೀರು ತುಂಬಿರುತ್ತದೆ. ಸೂಜಿಯಲ್ಲಿ ನೀರಷ್ಟೇ ಬಂದರೆ ‘ನೀರುಗುಳ್ಳೆ, ಏನಿಲ್ಲ’ ಎಂದು ಸಮಾಧಾನ ಪಟ್ಟುಬಿಡುತ್ತಾರೆ. ನಲವತ್ತು ದಾಟಿದವರ ಕುತ್ತಿಗೆಯಲ್ಲಿ ನೀರುಗುಳ್ಳೆ ಬಂದರೆ, ಕ್ಯಾನ್ಸರ್ ಅಲ್ಲ ಎಂದು ಖಾತ್ರಿಯಾಗುವವರೆಗೆ ಅದನ್ನು ಕ್ಯಾನ್ಸರ್ ಅಂತಲೇ ನೋಡಬೇಕು.

ಎಚ್‌ಪಿವಿ ಲಸಿಕೆಗೆ ಬರೋಣ. ಇದು ಆಸ್ಟ್ರೇಲಿಯಾದಲ್ಲಿ 1991ರಲ್ಲಿ ಇಯಾನ್ ಫ್ರೇಜರ್ ಮತ್ತು ಜಿಯಾನ್ ಝೌ ಮಾಡಿದ ಕೆಲಸದಿಂದ ಸಾಧ್ಯವಾಯಿತು. ವೈರಸ್ಸಿನ ಹೊರಕವಚದ ಪ್ರೋಟೀನನ್ನಷ್ಟೇ ತಯಾರಿಸಿದರೆ ಅದು ತಾನಾಗಿ ಕೂಡಿಕೊಂಡು ವೈರಸ್ಸಿನ ಆಕಾರ ತಾಳುತ್ತದೆ. ಒಳಗೆ ಡಿಎನ್‌ಎ ಇಲ್ಲ. ಅಡಿಕೆಯ ಗೋಟು ತೆಗೆದು ಬರೀ ಸಿಪ್ಪೆ ನೆಟ್ಟರೆ ಸಸಿ ಬರುತ್ತದಾ? ಹಾಗೆಯೇ ಈ ಲಸಿಕೆಯಿಂದ ಸೋಂಕು ಬರಲು ಸಾಧ್ಯವಿಲ್ಲ. ದೇಹ ಮಾತ್ರ ಆ ಆಕಾರದ ಗುರುತು ಹಿಡಿದಿಟ್ಟುಕೊಳ್ಳುತ್ತದೆ. ಕೋಸ್ಟರಿಕಾದಲ್ಲಿ ಲಸಿಕೆ ಪಡೆದ ಯುವತಿಯರ ಬಾಯಿಯನ್ನು ನಾಲ್ಕು ವರ್ಷದ ನಂತರ ಪರೀಕ್ಷಿಸಿದಾಗ, 16 ಮತ್ತು 18ನೇ ಬಗೆಯ ಸೋಂಕು ನೂರಕ್ಕೆ 93ರಷ್ಟು ಕಡಿಮೆ ಇತ್ತು. 2013ರಲ್ಲಿ ಇದು ಪ್ರಕಟವಾಯಿತು. ಪುಣೆಯ ಸೀರಂ ಸಂಸ್ಥೆಯ ಸರ್ವಾವ್ಯಾಕ್ ಲಸಿಕೆಗೆ 2022ರಲ್ಲಿ ಅನುಮತಿ ಸಿಕ್ಕಿದೆ. ಅದರಲ್ಲಿ 16 ಮತ್ತು 18 ಎರಡೂ ಇವೆ. 9ರಿಂದ 14 ವರ್ಷದೊಳಗಿನ ಮಕ್ಕಳಿಗೆ ಎರಡು ಡೋಸ್. ಸೋಂಕು ತಗುಲುವ ಮೊದಲೇ ಕೊಟ್ಟರೆ ಫಲ ಜಾಸ್ತಿ, ಅದಕ್ಕೇ ಈ ವಯಸ್ಸು. ಬಂದ ಕ್ಯಾನ್ಸರನ್ನು ಇದು ಗುಣಪಡಿಸುವುದಿಲ್ಲ.

ಇನ್ನು ಪ್ರಶ್ನೆಗಳು.

ಒಬ್ಬ ತಾಯಿ ಕೇಳಿದರು: ‘ಹೆಣ್ಣುಮಕ್ಕಳಿಗೆ ಸರಿ, ನನ್ನ ಮಗನಿಗೆ ಯಾಕೆ?’ ಗಂಟಲಿನ ಈ ಕ್ಯಾನ್ಸರ್ ಗಂಡಸರಲ್ಲೇ ಜಾಸ್ತಿ, ಅದಕ್ಕೆ. ಆಸ್ಟ್ರೇಲಿಯಾ 2013ರಿಂದ, ಬ್ರಿಟನ್ 2019ರಿಂದ ಹುಡುಗರಿಗೂ ಕೊಡುತ್ತಿವೆ. ನಮ್ಮಲ್ಲೂ ಸರ್ವಾವ್ಯಾಕ್ ಹುಡುಗರಿಗೂ ಹಾಕಬಹುದು. ಆದರೆ ಕೈಯಲ್ಲಿ ಒಬ್ಬರಿಗಾಗುವಷ್ಟೇ ದುಡ್ಡಿದ್ದರೆ ಮೊದಲು ಮಗಳಿಗೆ ಹಾಕಿಸಿ ಎನ್ನುತ್ತೇನೆ. ದೇಶದಲ್ಲಿ ವರ್ಷಕ್ಕೆ ಸುಮಾರು 1.27 ಲಕ್ಷ ಹೆಂಗಸರಿಗೆ ಗರ್ಭಕೊರಳಿನ ಕ್ಯಾನ್ಸರ್ ಬರುತ್ತಿದೆ.

ಹಿರಿಯರೊಬ್ಬರು ಎದ್ದು, ಆಂಧ್ರದಲ್ಲಿ ಈ ಲಸಿಕೆಯಿಂದ ಹುಡುಗಿಯರು ಸತ್ತರಲ್ಲ ಎಂದರು. ಕೇಳಬೇಕಾದ ಪ್ರಶ್ನೆಯೇ. 2009ರಲ್ಲಿ ಆಗಿನ ಆಂಧ್ರದ ಖಮ್ಮಂ ಮತ್ತು ಗುಜರಾತಿನ ವಡೋದರಾದಲ್ಲಿ ಪ್ರಾಯೋಗಿಕವಾಗಿ ಲಸಿಕೆ ಹಾಕಿದರು. ಏಳು ಹುಡುಗಿಯರು ತೀರಿಕೊಂಡರು, 2010ರಲ್ಲಿ ಯೋಜನೆ ನಿಂತಿತು. ವಿಚಾರಣೆಯಲ್ಲಿ ಆ ಸಾವುಗಳಿಗೆ ಲಸಿಕೆ ಕಾರಣ ಎಂದು ಕಂಡುಬರಲಿಲ್ಲ. ಆದರೆ ಪಾಲಕರ ಒಪ್ಪಿಗೆ ಪಡೆದ ರೀತಿ ಸರಿ ಇರಲಿಲ್ಲ ಎಂದೂ ಗೊತ್ತಾಯಿತು. ಆ ಸಿಟ್ಟು ನ್ಯಾಯವಾದದ್ದು. ಅದರ ನಂತರ ಜಗತ್ತಿನಲ್ಲಿ ಕೋಟಿಗಟ್ಟಲೆ ಮಕ್ಕಳು ಇದನ್ನು ಪಡೆದಿದ್ದಾರೆ, ಸಿಕ್ಕಿಂ 2018ರಲ್ಲಿ ರಾಜ್ಯದ ಹುಡುಗಿಯರಿಗೆಲ್ಲ ಹಾಕಿಸಿತು. ನನ್ನ ಮನೆಯ ಮಕ್ಕಳಿಗೂ ಹಾಕಿಸಿದ್ದೇನೆ.

ಅಂಕೋಲೆಯಿಂದ ಬಂದವರು ಒಣಮೀನಿನ ಬಗ್ಗೆ ಕೇಳಿದರು. ಚೀನಾ ಪದ್ಧತಿಯ ಉಪ್ಪು ಮೀನು ಮೂಗಿನ ಹಿಂಭಾಗದ ಕ್ಯಾನ್ಸರ್ ತರುತ್ತದೆ ಎಂಬುದು ನಿಜ. ಅಲ್ಲಿ ಎಳೆ ಮಕ್ಕಳಿಗೂ ಅದನ್ನು ತಿನ್ನಿಸುತ್ತಾರೆ, ಮೀನು ಮೆತ್ತಗಾಗುವ ತನಕ ಬಿಟ್ಟು ಒಣಗಿಸುತ್ತಾರೆ. ಬೇರೆ ಬಗೆಯ ಉಪ್ಪು ಮೀನಿನ ಬಗ್ಗೆ ಅಂಥ ತೀರ್ಮಾನ ಕೊಟ್ಟಿಲ್ಲ. ಬಿಪಿ ಇದ್ದವರು ಉಪ್ಪಿನ ಕಾರಣಕ್ಕೆ ಕಡಿಮೆ ತಿನ್ನಿ, ಅಷ್ಟೇ.

ಕೊನೆಗೆ ಆಶಾ ಕಾರ್ಯಕರ್ತೆಯೊಬ್ಬರು, ಮನೆಮನೆಗೆ ಹೋದಾಗ ನಾವೇನು ಮಾಡಬೇಕು ಸರ್ ಎಂದು ಕೇಳಿದರು. ಅಕ್ಕಾ, ಮೂವತ್ತು ದಾಟಿದವರ ಫಾರ್ಮ್ ತುಂಬುವಾಗ ಬಾಯಿ ಹುಣ್ಣಿನ ಬಗ್ಗೆ ಹೇಗೂ ಕೇಳುತ್ತೀರಿ. ಜೊತೆಗೆ ಕುತ್ತಿಗೆಯ ಬಗ್ಗೆಯೂ ಕೇಳಿ. ಮೂರು ವಾರ ದಾಟಿದ ಗಂಟು, ಒಂದೇ ಬದಿಯ ಗಂಟಲು ನೋವು ಅಥವಾ ಕಿವಿ ನೋವು, ನುಂಗಲು ಕಷ್ಟ, ದನಿ ಬದಲಾದದ್ದು, ಇವುಗಳಲ್ಲಿ ಯಾವುದಿದ್ದರೂ ತಾಲೂಕು ಆಸ್ಪತ್ರೆಗೋ ಕಾರವಾರದ ಮೆಡಿಕಲ್ ಕಾಲೇಜಿನ ಇಎನ್‌ಟಿ ವಿಭಾಗಕ್ಕೋ ಕಳಿಸಿ. ಕವಳ ಹಾಕುತ್ತಾರಾ ಇಲ್ಲವಾ ಎಂದು ನೋಡಿಕೊಂಡು ಕಳಿಸಬೇಡಿ, ಹಾಕದವರನ್ನೂ ಕಳಿಸಿ. ಮುಂದಿನ ಸಲ ಆ ಮನೆಗೆ ಹೋದಾಗ ಸೂಜಿ ಪರೀಕ್ಷೆ ಆಯಿತಾ, ರಿಪೋರ್ಟ್ ಏನು ಬಂತು ಎಂದು ಕೇಳಿ. ಆಗಿಲ್ಲ ಅಂದರೆ ನನಗೆ ಫೋನ್ ಮಾಡಿ.